ಖುದ್ದು ನಾನೇ ಮಾಡಿದಂತೆ

ಅತ್ತೆ ಮೂರನೇ ಗೇಟು ದಾಟುವಂತಿರಲಿಲ್ಲ. ಆ ವರ್ಷ ಆಷಾಢದಲ್ಲಿ ಬಸದಿಯಲ್ಲಿ ನಿಂತು ನೇಮ ಹಿಡಿದಿದ್ದಳು. ದೀಪಾವಳಿಯವರೆಗೆ, ಚಾತುರ್ಮಾಸದ ನಾಲ್ಕೂ ತಿಂಗಳು, ಖಾನಾಪುರ ರಸ್ತೆಯ ಕಡೆ ಮೂರನೇ ರೈಲ್ವೆ ಗೇಟು, ಪೂರ್ವಕ್ಕೆ ಸಾಂಬ್ರಾ, ವಡಗಾವಿಯ ಕಡೆ ನೇಕಾರರ ಕೊನೆಯ ಓಣಿ, ಉತ್ತರಕ್ಕೆ ಕೋರ್ಟು ಕಚೇರಿ. ಇದರಾಚೆ ಹೆಜ್ಜೆ ಇಡುವುದಿಲ್ಲ. ನಮ್ಮ ಜೈನರ ಮನೆಗಳಲ್ಲಿ ಹಿರಿಯರು ಇಂಥ ದಿಕ್ಕಿನ ನೇಮ ಹಿಡಿಯುವುದು ಹೊಸತಲ್ಲ. ಅದರ ಬಗ್ಗೆ ಯಾರೂ ವಾದ ಮಾಡುವುದಿಲ್ಲ. ನಾನು ಮಾಡುತ್ತಿದ್ದೆ.

‘ಗೆರಿ ಎಳದು ಒಳಗ ಕುಂತರ ಯಾರಿಗೆ ಏನ ಸಿಗತದ ಅತ್ತಿ? ನೀ ಹೆಂಗೂ ವರ್ಷಕ್ಕ ಎರಡು ಸಲ ಊರ ಬಿಡಾಕಿ. ಹೋಗದವರು ಹೋಗೂದಿಲ್ಲ ಅಂತ ಆಣೆ ಮಾಡಿದ್ರ ಅದೊಂದು ತ್ಯಾಗ ಏನು?’

‘ನನಗೇನೂ ಸಿಗೂದಿಲ್ಲ. ಹೋಗಬೇಕು ಅನ್ನೂ ಆಶಾ ಒಂದೀಟು ಸಣ್ಣದಾಗತದ. ನಿನಗ ಮಾತಾಡಬೇಕು ಅನ್ನೂ ಆಶಾ ಐತಲ್ಲ, ಹಂಗ.’

ಅವಳು ನನ್ನ ಅಪ್ಪನ ಅಕ್ಕ. ಅನಗೋಳದಲ್ಲಿ ಎರಡು ಕೋಣೆಯ ಮನೆ, ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಕಾನೂನು ಓದುತ್ತಿದ್ದ ನಾನು ಅವಳ ಮನೆಯಲ್ಲೇ ಇದ್ದೆ. ನನ್ನ ಕೋಣೆಯ ಗೂಡಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಹಿತ್ತಾಳೆ ಕಪ್ಪುಗಳು ಸಾಲಾಗಿ ನಿಂತಿದ್ದವು. ಒಂದು, ಉಳುವವನಿಗೇ ಹೊಲ ಎಂಬ ಕಾನೂನು ನ್ಯಾಯವಾದದ್ದು ಎಂದು ಮಾತಾಡಿ ಗೆದ್ದದ್ದು. ಅದರ ಪಕ್ಕದ್ದು, ಅದು ಅನ್ಯಾಯ ಎಂದು ಮಾತಾಡಿ ಇನ್ನೊಂದು ಕಾಲೇಜಿನಲ್ಲಿ ಗೆದ್ದದ್ದು. ಅತ್ತೆ ಎರಡನ್ನೂ ಹುಣಸೆಹಣ್ಣು ಹಚ್ಚಿ ಒಂದೇ ಸಮ ತಿಕ್ಕಿ ಇಡುತ್ತಿದ್ದಳು.

ಭಾದ್ರಪದದಲ್ಲಿ ಒಂದು ನೋಟೀಸು ಬಂತು. ಖಾನಾಪುರದ ಭೂ ನ್ಯಾಯ ಮಂಡಳಿಯದು. ಅತ್ತೆಯ ಹೆಸರಿನಲ್ಲಿ ಖಾನಾಪುರದ ಹತ್ತಿರ ಎರಡು ಎಕರೆ ಭತ್ತದ ಗದ್ದೆ ಇತ್ತು. ಅದನ್ನು ಗೇಣಿಗೆ ಮಾಡುತ್ತಿದ್ದ ರೈತ, ಈ ಗದ್ದೆ ನನಗೆ ಸೇರಬೇಕೆಂದು ಅರ್ಜಿ ಹಾಕಿದ್ದ. ಹೊಸ ಕಾನೂನಿನ ಪ್ರಕಾರ ಗೇಣಿ ಮಾಡಿದ್ದು ನಿಜವಾದರೆ ಗದ್ದೆ ಅವನದು. ಆದರೆ ಪಹಣಿಯಲ್ಲಿ ಅವನ ಹೆಸರಿರಲಿಲ್ಲ. ಮಾವ ಬದುಕಿದ್ದಾಗಲೇ, ಕಾನೂನು ಬರುವ ಸುಳಿವು ಹಿಡಿದು, ‘ಖುದ್ದು ಸಾಗುವಳಿ’ ಎಂದು ಬರೆಸಿಬಿಟ್ಟಿದ್ದರು. ರೈತನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಅವನ ಅಪ್ಪನ ಕಾಲದಿಂದ ಎಲ್ಲ ಬಾಯಿಮಾತಿನ ಮೇಲೆ ನಡೆದದ್ದು. ಮಾಲೀಕರೇ ಹೋಗಿ ‘ಹೌದು, ಇವನೇ ಮಾಡಿದ್ದು’ ಎನ್ನದಿದ್ದರೆ ಅವನ ಅರ್ಜಿ ಅಲ್ಲಿಗೇ ಮುಗಿಯಿತು.

ನೋಟೀಸು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ. ‘ಹೋಗಿ ಹೌದು ಅಂತ ಹೇಳಬೇಕು. ಅಷ್ಟ ಹೌದಿಲ್ಲೋ?’

‘ಹೌದು ಅಂದ್ರ ಗದ್ದಿ ಹೋಗತದ ಅತ್ತಿ.’

‘ಅವ ಬೆಳದ ಅಕ್ಕಿ ಇಪ್ಪತ್ತು ವರ್ಷ ಉಂಡು, ಅವ ಬೆಳದೇ ಇಲ್ಲ ಅಂತ ಯಾವ ಬಾಯಿಲೆ ಹೇಳಲಿ? ಅದೇ ಬಾಯಿಲೇನ?’

ಗದ್ದೆ ಬಿಡುವುದು ಅವಳಿಗೆ ಚರ್ಚೆಯ ವಿಷಯವೇ ಆಗಿರಲಿಲ್ಲ. ಚರ್ಚೆಯ ವಿಷಯ ಮೂರನೇ ಗೇಟು. ವಿಚಾರಣೆಯ ದಿನ ದೀಪಾವಳಿಗಿಂತ ಮುಂಚೆಯೇ ಇತ್ತು. ಆಗ ಆ ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಪಕ್ಷಗಾರರೇ ಬರಬೇಕು, ಇಲ್ಲವೆ ಅವರ ಮುಖತ್ಯಾರಪತ್ರ ಹಿಡಿದ ಮನೆಯವರು ಬರಬೇಕು. ನಾನಿನ್ನೂ ವಕೀಲಳಾಗಿರಲಿಲ್ಲ. ಮನೆಯವಳಂತೂ ಹೌದು. ಅತ್ತೆ ‘ನೀನ ಹೋಗಿ ಬಾ’ ಎಂದಳು.

ಕೋರ್ಟಿನ ಕಂಪೌಂಡಿನ ಪಕ್ಕ ತಗಡಿನ ನೆರಳಿನಲ್ಲಿ ಪತ್ರ ಬರೆಯುವ ಮುದುಕರೊಬ್ಬರು ಕೂರುತ್ತಿದ್ದರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಮನೆಯಲ್ಲಿ ದಖನಿ ಮಾತು, ಕಾಗದದ ಮೇಲೆ ಕನ್ನಡ, ಮರಾಠಿ ಎರಡೂ ಮುತ್ತಿನ ಹಾಗೆ. ಛಾಪಾ ಕಾಗದ ತೊಡೆಯ ಮೇಲಿನ ಹಲಗೆಗೆ ಒತ್ತಿ ಬರೆದು, ಆಮೇಲೆ ಗಟ್ಟಿಯಾಗಿ ಓದಿ ಹೇಳಿದರು. ಅವರ ಪದ್ಧತಿ ಅದು. ಬರೆದದ್ದನ್ನು ಓದದೆ ಸಹಿ ತೆಗೆದುಕೊಳ್ಳುತ್ತಿರಲಿಲ್ಲ.

ಸದರಿ ಮುಖತ್ಯಾರರು ನನ್ನ ಪರವಾಗಿ ಹಾಜರಾಗಿ, ಹೇಳಿಕೆ ಕೊಟ್ಟು, ಕಾಗದಪತ್ರಗಳಿಗೆ ಸಹಿ ಮಾಡಿ, ಮಾಡಿದ ಎಲ್ಲ ಕೃತ್ಯಗಳೂ ಖುದ್ದು ನಾನೇ ಮಾಡಿದಂತೆ ನನಗೆ ಕಬೂಲು ಇರುತ್ತವೆ, ಎಂದು ಓದಿ ಮುಗಿಸಿ, ಪೆನ್ನನ್ನು ಅತ್ತೆಯ ಕಡೆ ಚಾಚಿದರು.

ನಾನು ಸುಮ್ಮನಿದ್ದಿದ್ದರೆ ಅವಳು ಸಹಿ ಮಾಡಿ ಎದ್ದು ಬಿಡುತ್ತಿದ್ದಳು. ಆದರೆ ಎದುರಾಳಿಯ ಮಾತಿನಲ್ಲಿ ಬಿರುಕು ಕಂಡಾಗ ಕೈಯಿಕ್ಕದೆ ಇರುವ ಅಭ್ಯಾಸ ನನಗಿರಲಿಲ್ಲ.

‘ಕೇಳಿದಿ ಇಲ್ಲೋ ಅತ್ತಿ? ನಾ ಮಾಡಿದ್ದೆಲ್ಲ ನೀನ ಮಾಡಿದಂಗ. ಅಂದ್ರ ನಾ ಬಸ್ ಹತ್ತಿ ಗೇಟ್ ದಾಟಿದ್ರ ನೀನ ದಾಟಿದಂಗ. ಈಗ ಹೇಳು, ನಿನ್ನ ನೇಮ ಎಲ್ಲಿ ಉಳೀತು?’

ಅತ್ತೆ ಪೆನ್ನು ಕೆಳಗಿಟ್ಟಳು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

‘ನೇಮದಾಗೂ ಹಂಗ ಐತಿ,’ ಎಂದಳು ಮೆಲ್ಲಗೆ. ‘ತಾ ಹೋಗಲಾರದ ಕಡಿ ಇನ್ನೊಬ್ಬರನ್ನ ಕಳಸೂದೂ ದೋಷನ. ನೀ ನಿನ್ನ ಪಾಡಿಗೆ ಹೋಗಾಕಿ, ಹೋದಾಕಿ ಒಂದ ಮಾತ ಹೇಳಿ ಬರಾಕಿ ಅಂದಕೊಂಡಿದ್ದೆ. ಕಾಗದದಾಗ ಹಿಂಗ ಬರೀತಾರ ಅಂತ ನನಗ ಗೊತ್ತಿರಲಿಲ್ಲ.’

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವಳ ನೇಮಕ್ಕೂ ನನ್ನ ಪಠ್ಯಪುಸ್ತಕಕ್ಕೂ ಒಂದೇ ಅಭಿಪ್ರಾಯವಿರಬಹುದು ಎಂದು ಯಾರು ಎಣಿಸುತ್ತಾರೆ? ಕಳಿಸಿದವನೇ ಮಾಡಿದವನು. ಮುಖತ್ಯಾರರ ಕಾನೂನೆಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ. ಅತ್ತೆಯ ಮಟ್ಟಿಗೆ ಅದು ಕಾನೂನಿಗಿಂತ ಹಳೆಯದು.

ನನಗೆ ತಕ್ಷಣ ಉಪಾಯ ಹೊಳೆಯಿತು. ಉಪಾಯಗಳು ನನಗೆ ಯಾವಾಗಲೂ ತಕ್ಷಣ ಹೊಳೆಯುತ್ತಿದ್ದವು. ‘ಅದೊಂದು ಸಾಲು ತಗದ ಬಿಡೂಣು. ಸಾಲು ಇಲ್ಲ ಅಂದ ಮ್ಯಾಲ ನಾ ಹೋದದ್ದು ನಂದ. ನೀ ಇಲ್ಲೇ ಇದ್ದಂಗಾತು.’

ಮುದುಕರು ಕನ್ನಡಕದ ಮೇಲಿಂದ ನೋಡಿದರು. ‘ಬೇಟಿ, ಈ ಕಾಗದದ ಜೀವ ಆ ಸಾಲಿನಾಗ ಐತಿ. ಅದನ್ನ ಹೊಡದ್ರ ಉಳಿಯೂದು ಛಾಪಾ ಅಷ್ಟ.’

ನಾನು ಅವರ ಕಡೆ ಬಾಗಿ ದನಿ ತಗ್ಗಿಸಿದೆ. ‘ಸಾಲು ಬರದ್ರೂ ಅಷ್ಟ, ಬಿಟ್ಟರೂ ಅಷ್ಟರಿ ಚಾಚಾ. ಮುಖತ್ಯಾರ ಮಾಡಿದ್ದು ಮಾಲೀಕಗ ಅಂಟೇ ಅಂಟತದ ಅಂತ ಕಾಯ್ದೆದಾಗ ಐತಿ.’

‘ವಾಹ್,’ ಎಂದರು ಅವರು. ‘ಅಕ್ಕಾರಿಗೆ ಅಂಟೂದಿಲ್ಲ ಅಂತೀರಿ, ನನಗ ಅಂಟತದ ಅಂತೀರಿ. ಎರಡರಾಗ ಖರೇ ಯಾವುದು?’

‘ಎರಡೂ ಆಯಾ ಜಾಗಾದಾಗ ಖರೇ.’

ಅವರು ಸ್ಕೇಲು ಇಟ್ಟು ಆ ಸಾಲಿನ ಮೇಲೆ ಎರಡು ಗೆರೆ ಎಳೆದರು. ಹೊಡೆದುಹಾಕಿದ್ದಕ್ಕೆ ಬದಿಯಲ್ಲಿ ಅತ್ತೆಯ ಸಣ್ಣ ಸಹಿ ಬೇಕು ಎಂದರು. ಅವಳು ನನ್ನ ಮುಖ ನೋಡಿ, ‘ನೀ ಹೇಳತಿ ಅಂತ,’ ಎಂದು ಸಹಿ ಮಾಡಿದಳು. ತನ್ನನ್ನು ನಂಬಿದವರಿಗೆ ಒಂದು ಹೇಳಿ, ಹೊರಗಿನವರಿಗೆ ಅದಕ್ಕೆ ವಿರುದ್ಧವಾದದ್ದನ್ನು ಹೇಳಬಾರದು ಎಂಬುದು ಮುಖತ್ಯಾರರ ಮೊದಲ ಪಾಠ. ಅದನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ.

ಖಾನಾಪುರದ ಕಚೇರಿಯ ಪಡಸಾಲೆ ಆ ದಿನ ತುಂಬಿತ್ತು. ಒಂದು ಬದಿಗೆ ಜರಿ ಅಂಚಿನ ಧೋತರಗಳು, ಇನ್ನೊಂದು ಬದಿಗೆ ಕಂಬಳಿಗಳು. ಯಾರು ಯಾವ ಪಕ್ಷ ಎಂದು ಕೇಳಬೇಕಾಗಿರಲಿಲ್ಲ. ನಮ್ಮ ರೈತ ಕಂಬದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಿದ್ದವನು ನನ್ನನ್ನು ಕಂಡು ಎದ್ದು ನಿಂತ. ನಲವತ್ತರ ಆಸುಪಾಸು, ಮರಾಠಿ ಮನೆಮಾತಿನವನು. ವರ್ಷಕ್ಕೊಮ್ಮೆ ಗೇಣಿಯ ಅಕ್ಕಿ ಹೊತ್ತು ಅತ್ತೆಯ ಮನೆಗೆ ಬಂದಾಗ ನೋಡಿದ್ದೆ. ಆಗೆಲ್ಲ ಹೊಸ್ತಿಲಾಚೆಯೇ ಕೂತು ಬೆಲ್ಲ ನೀರು ಕುಡಿದು ಹೋಗುತ್ತಿದ್ದ.

‘ಅಕ್ಕಾಸಾಬ ಬರಲಿಲ್ಲ ಕಾಯ್?’

‘ಅವರ ಪರವಾಗಿ ನಾ ಬಂದೀನಿ. ಕಾಳಜಿ ಬ್ಯಾಡ. ನೀವ ಮಾಡೂದು ಅಂತ ಹೇಳಿಬಿಡತೀನಿ.’

ಒಳಗೆ ಉದ್ದನೆಯ ಮೇಜಿನ ಹಿಂದೆ ಮಂಡಳಿಯ ಅಧ್ಯಕ್ಷರಾದ ಪ್ರಾಂತ ಸಾಹೇಬರು, ಅಕ್ಕಪಕ್ಕ ಸದಸ್ಯರು. ನಾನು ಸಿದ್ಧಮಾಡಿಕೊಂಡ ಮಾತನ್ನು ಹೇಳಿದೆ. ಗೇಣಿ ನಿಜ, ಪಹಣಿ ತಪ್ಪು, ಅರ್ಜಿ ಮಂಜೂರಾಗಲಿ. ಮೂರು ನಿಮಿಷದಲ್ಲಿ ಮುಗಿಸಿದೆ, ಗಂಟೆ ಬಾರಿಸುವ ಮುಂಚೆ ಮುಗಿಸುವ ಅಭ್ಯಾಸ. ಸಾಹೇಬರು ಕಿವಿಗೊಟ್ಟು ಕೇಳಿದರು. ಆಮೇಲೆ ಮುಖತ್ಯಾರಪತ್ರ ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

‘ಇದೇನು, ಈ ಸಾಲು ಹೊಡೆದು ಹಾಕಿದ್ದು?’

ನಾನು ಕಾಯ್ದೆ ಹೇಳಿದೆ. ಸಾಲು ಇಲ್ಲದಿದ್ದರೂ ಮುಖತ್ಯಾರರ ಕೃತ್ಯ ಮಾಲೀಕರನ್ನು ಕಟ್ಟುತ್ತದೆ ಎಂದು.

‘ಬರೆಯೋದು ಮರೆತಿದ್ದರೆ ನಿಮ್ಮ ಮಾತು ಒಪ್ಪತಿದ್ದೆ,’ ಎಂದರು. ‘ಇಲ್ಲಿ ಬರೆದು, ಹೊಡೆದು, ಹೊಡೆದದ್ದಕ್ಕೆ ಸಹಿ ಮಾಡಿದಾರೆ. ಅಂದರೆ ನೀವು ಹೇಳಿದ್ದು ನನಗೆ ಕಬೂಲಿಲ್ಲ ಅಂತ ಅವರೇ ಬರೆದುಕೊಟ್ಟ ಹಾಗೆ. ಎರಡು ಎಕರೆ ಬಿಟ್ಟುಕೊಡೋ ಮಾತು. ನಾಳೆ ಅವರು ಬಂದು ನಾನು ಹಾಗೆ ಹೇಳೇ ಇಲ್ಲ ಅಂದರೆ?’

ಎದುರು ಪಕ್ಷದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

‘ಅವರಿಂದ ಪ್ರಮಾಣಪತ್ರ ಬರೆಸಿ ತರಲೇನ್ರಿ?’

‘ಕಾಗದ ಸಾಕಮ್ಮಾ. ಕೇಳಿದ ಪ್ರಶ್ನೆಗೆ ಕಾಗದ ಉತ್ತರ ಕೊಡೋದಿಲ್ಲ. ಅವರನ್ನೇ ಕರೆತನ್ನಿ. ಇಲ್ಲ, ಪೂರ್ತಿ ಮುಖತ್ಯಾರಪತ್ರ ತಂದು ನೀವೇ ಉತ್ತರ ಕೊಡಿ. ಹದಿನೈದು ದಿನ ಬಿಟ್ಟು ತಾರೀಖು. ಅವತ್ತೂ ಆಗದಿದ್ದರೆ ದಾಖಲೆ ನೋಡಿ ಮುಗಿಸ್ತೀವಿ.’

ದಾಖಲೆ ಎಂದರೆ ಪಹಣಿ. ಪಹಣಿ ಎಂದರೆ ಮಾವ ಬರೆಸಿದ ಸುಳ್ಳು. ಹದಿನೈದನೆಯ ದಿನವೂ ದೀಪಾವಳಿಗೆ ಈಚೆಗೇ ಬರುತ್ತಿತ್ತು.

ಪಡಸಾಲೆಗೆ ಬಂದಾಗ ರೈತ ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಎರಡು ಗೆರೆ ಎಲ್ಲರಿಗೂ ಕಾಣುತ್ತವೆ.

‘ತಾಯಿ, ಅಕ್ಕಾಸಾಬ ಮನಸು ಬದಲ್ ಮಾಡ್ಯಾರೇನ್ರಿ?’

‘ಇಲ್ಲ, ಇಲ್ಲ. ಅದು ಬ್ಯಾರೆ ಕಾರಣ.’

‘ಮಾಡಿದ್ರ ಮಾಡ್ಯಾರು ಬಿಡ್ರಿ. ಗದ್ದಿ ಅವರದ. ಖರೇ, ನೆಟ್ಟಗ ಹೇಳಿದ್ರ ಆಗತಿತ್ತು. ಹಿಂಗ ಬರದು, ಹಿಂಗ ಹೊಡದು...’ ಎಂದು ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ‘ನನಗ ಕೋರ್ಟಿನ ಮಾತು ತಿಳಿಯೂದಿಲ್ಲ.’

ಅತ್ತೆಯ ನೇಮದ ಬಗ್ಗೆ ಹೇಳೋಣವೆಂದರೆ, ಗೆರೆ ಎಳೆಸಿದ ಬುದ್ಧಿ ಅತ್ತೆಯದಲ್ಲ, ನನ್ನದು ಎಂದೂ ಹೇಳಬೇಕಾಗುತ್ತಿತ್ತು. ನಾನು ಹೇಳಲಿಲ್ಲ. ಇಪ್ಪತ್ತು ವರ್ಷ ಅಕ್ಕಿ ಅಳೆದು ಕೊಟ್ಟವನ ಕಣ್ಣಿನಲ್ಲಿ ಅತ್ತೆ ಆ ಸಂಜೆ ಮೋಸಗಾತಿಯಾಗಿ ಉಳಿದಳು. ಅದು ಅವಳ ಪರವಾಗಿ ನಾನು ಮಾಡಿದ ಮೊದಲ ಕೃತ್ಯ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ರೈತ ಹೇಳಿದ್ದನ್ನೂ ಸೇರಿಸಿ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಲಿಲ್ಲ.

‘ಮೋಸ ಅಂದನೇನ?’

‘ಅನಲಿಲ್ಲ. ಅಂದಂಗಾತು.’

‘ಅವಗ ಹಂಗ ಅನಸೂದ ಸಹಜ.’ ಮೊರವನ್ನು ಇನ್ನೆರಡು ಸಲ ಕೊಡವಿದಳು. ‘ಪೂರ್ತಿ ಕಾಗದ ಮಾಡಸೂಣು. ಆ ಸಾಲು ಇರಲಿ.’

‘ನೇಮ?’

‘ಮುರೀತದ. ಮುರದ್ರ ಪ್ರಾಯಶ್ಚಿತ್ತ ಐತಿ, ಒಂದು ಉಪವಾಸ ಹೆಚ್ಚಿಗಿ ಮಾಡತೀನಿ. ಅವನ ಗದ್ದಿ ಮುರದ್ರ ಯಾವ ಉಪವಾಸಲೆ ಜೋಡಸೂದು?’

‘ಮುರಿಯೂದ ಆದ್ರ ನೀನ ಬಂದು ಬಿಡು ಅತ್ತಿ. ನಾ ಯಾಕ ನಡುವ?’

‘ನೀ ಹೋದ್ರೂ ನಾ ಹೋದಂಗ ಅಂತ ನೀನ ಹೇಳಿದ್ದಿ. ಹಂಗಾದ್ರ ಇಬ್ಬರು ಯಾಕ ಬಸ್ಸಿನಾಗ ಕುಂದರಬೇಕು?’ ಈಗ ಮೊರ ನಿಂತಿತು. ‘ಆದ್ರ ಒಂದ ಮಾತು. ನೀ ನಾನಾಗಿ ಹೊಂಟೀದಿ ಅಂದ ಮ್ಯಾಲ ನಾನಾಗೇ ಹೋಗಬೇಕು. ಅವತ್ತು ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಆಲೂಗಡ್ಡಿ ಇಲ್ಲ. ಹೊರಗಿನ ನೀರು ಇಲ್ಲ. ಹೊತ್ತು ಮುಳಗೂದರಾಗ ಊಟ. ಇನ್ನೊಂದು, ನಾ ಯಾರ ಜೋಡಿನೂ ವಾದ ಮಾಡೂದಿಲ್ಲ. ನೀನೂ ಮಾಡಬ್ಯಾಡ.’

ನಾನು ಜೈನರ ಮನೆಯಲ್ಲಿ ಹುಟ್ಟಿ, ಕಾಲೇಜಿನ ಕ್ಯಾಂಟೀನಿನಲ್ಲಿ ಉಳ್ಳಾಗಡ್ಡಿ ಕಲಿತವಳು. ಮೊದಲ ಮೂರು ಶರತ್ತು ಕಷ್ಟ ಅನ್ನಿಸಲಿಲ್ಲ.

ಪತ್ರ ಬರೆಯುವ ಚಾಚಾ ನಮ್ಮನ್ನು ಕಂಡದ್ದೇ ಹೊಸ ಛಾಪಾ ಕಾಗದ ತೆಗೆದು ಬರೆದು, ಓದತೊಡಗಿದರು. ಆ ಸಾಲಿಗೆ ಬಂದಾಗ ಅತ್ತೆ ಕೈ ಎತ್ತಿ, ‘ಅದಷ್ಟು ಇನ್ನೊಮ್ಮೆ ಓದ್ರಿ,’ ಎಂದಳು. ಅವರು ಓದಿದರು. ಅವಳು ತುಟಿಯಲ್ಲೇ ತಾನೂ ಹೇಳಿಕೊಂಡು, ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದಳು.

‘ಈಗ ಜೀವ ಬಂತು ನೋಡ್ರಿ ಅಕ್ಕಾರ,’ ಎಂದರು ಚಾಚಾ. ನನ್ನ ಕಡೆ ತಿರುಗಿ, ‘ಈ ಸಲ ಇಬ್ಬರಿಗೂ ಒಂದ ಮಾತು ಹೇಳಿದಿ ಇಲ್ಲೋ, ಬೇಟಿ?’ ಎಂದರು.

ಎರಡನೆಯ ತಾರೀಖಿನ ಬೆಳಿಗ್ಗೆ ಅತ್ತೆ ಬುತ್ತಿ ಕಟ್ಟಿದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕಾಸಿ ಸೋಸಿದ ನೀರಿನ ತಂಬಿಗೆ. ತಾನು ಆ ದಿನ ನಿರಾಹಾರ. ಬಸ್ಸು ಮೂರನೇ ಗೇಟು ದಾಟುವಾಗ ಹಳಿಯ ಮೇಲೆ ದಡಬಡ ಎಂದಿತು. ನೂರಾರು ಸಲ ದಾಟಿದ ಗೇಟು ಅದು. ನೇಮ, ಗೆರೆ, ದೋಷ ಒಂದನ್ನೂ ನಂಬದ ನಾನು ಅವತ್ತು ಕಾಲು ಮೇಲೆತ್ತಿ ಕುಳಿತದ್ದು ಯಾಕೆ ಎಂಬುದಕ್ಕೆ ಈಗಲೂ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಖಾನಾಪುರದ ಸ್ಟ್ಯಾಂಡಿನಲ್ಲಿ ಬಿಸಿ ಉಳ್ಳಾಗಡ್ಡಿ ಭಜಿ ಕರಿಯುತ್ತಿದ್ದರು. ಎರಡೂ ಕೈಯಲ್ಲಿ ಬುತ್ತಿ ಹಿಡಿದು ಹಾದು ಹೋದೆ. ಕಚೇರಿಯಲ್ಲಿ ರೈತ ಅದೇ ಕಂಬದ ಹತ್ತಿರ ಕುಳಿತಿದ್ದ. ಈ ಸಲ ಎದ್ದು ನಿಲ್ಲಲಿಲ್ಲ.

ಹೆಸರು ಕರೆದರು. ಸಾಹೇಬರು ಹೊಸ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ‘ಹೇಳಿ’ ಎಂದರು. ಅತ್ತೆ ಕಲಿಸಿದ ಮಾತನ್ನು ಅವಳ ಮಾತಿನಲ್ಲೇ ಹೇಳಿದೆ. ‘ಈ ಗದ್ದಿ ಇವರ ಅಪ್ಪ ಮಾಡತಿದ್ರು. ಈಗ ಇವರು ಮಾಡತಾರ. ಗೇಣಿ ಅಕ್ಕಿ ನಾವು ಉಂಡೇವಿ. ಪಹಣ್ಯಾಗ ಬರದದ್ದು ಖರೇ ಅಲ್ಲ.’

‘ಇಷ್ಟು ಹೇಳಿದರೆ ಗದ್ದೆ ಹೋಗುತ್ತೆ. ನಿಮ್ಮ ಅತ್ತೆಗೆ ಅದು ಗೊತ್ತಿದೆಯೆ?’

‘ಗೊತ್ತೈತ್ರಿ.’

ಅವರು ರೈತನನ್ನು ಕೇಳಿದರು. ನಿನ್ನ ಅಪ್ಪ ಯಾವ ವರ್ಷ ತೀರಿದ, ನೀನು ಯಾವಾಗಿನಿಂದ ಮಾಡುತ್ತಿದ್ದಿ? ಅವನು ಹೇಳಿದ ವರ್ಷಗಳು ಒಂದಕ್ಕೊಂದು ಕೂಡಲಿಲ್ಲ. ನಡುವೆ ಎರಡು ವರ್ಷ ತಪ್ಪಿಹೋಗಿತ್ತು. ಅದು ನನ್ನ ಕಿವಿಗೆ ತಟ್ಟನೆ ಬಿತ್ತು. ಆ ಎರಡು ವರ್ಷ ಹಿಡಿದು ಎಳೆದರೆ ಅವನ ಅರ್ಜಿಯ ಹೆಣಿಗೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಕೇಳಬೇಕಾದ ಪ್ರಶ್ನೆಗಳು ಒಂದರ ಹಿಂದೊಂದು ನಾಲಿಗೆಯ ಮೇಲೆ ಬಂದು ನಿಂತವು. ನನಗೆ ಗದ್ದೆ ಬೇಕಾಗಿರಲಿಲ್ಲ. ಬಿರುಕು ಬಿರುಕಾಗಿತ್ತು, ಅಷ್ಟೇ. ಹೋಗಬೇಕು ಅನ್ನುವ ಆಸೆ ಎಂದು ಅತ್ತೆ ಹೇಳಿದ್ದು ಇದಕ್ಕೇ ಇರಬೇಕು.

ಬಾಯಿ ಮುಚ್ಚಿಕೊಂಡು ನಿಂತೆ. ಸಾಹೇಬರು ನನ್ನ ಕಡೆ ನೋಡಿದರು. ‘ನಿಮ್ಮದೇನಾದರೂ ಪ್ರಶ್ನೆ?’

‘ಇಲ್ರಿ.’

ಆಗ ಬಾಗಿಲ ಹತ್ತಿರದಿಂದ ನಗು ಕೇಳಿಸಿತು. ತನ್ನ ಸರದಿಗೆ ಕಾಯುತ್ತಿದ್ದ ಒಬ್ಬ ಜಮೀನುದಾರ. ಕಿವಿಯಲ್ಲಿ ಒಂಟಿ, ಕೈಯಲ್ಲಿ ಕೊಡೆ. ಪಕ್ಕದವನಿಗೆ ಹೇಳಿದಂತೆ, ಎಲ್ಲರಿಗೂ ಕೇಳುವಂತೆ ಹೇಳಿದ. ‘ಗಂಡ ಸತ್ತ ಮ್ಯಾಲ ತಲಿ ಕೆಟ್ಟಿರಬೇಕು ಪಾಪ. ತಲಿ ಕೆಟ್ಟವರು ಬರದ ಮುಖತ್ಯಾರಪತ್ರ ನಡೀತದೇನ್ರಿ, ಸಾಹೇಬ್ರ?’

ಕಾನೂನಿನ ಪ್ರಕಾರ ಅದು ಸರಿಯಾದ ಪ್ರಶ್ನೆ. ಬುದ್ಧಿ ಸ್ಥಿಮಿತ ಇಲ್ಲದವರ ಮುಖತ್ಯಾರಪತ್ರಕ್ಕೆ ಬೆಲೆಯಿಲ್ಲ. ನಾನು ಅಷ್ಟನ್ನು ಯೋಚಿಸಲಿಲ್ಲ.

‘ನಮ್ಮತ್ತಿ ತಲಿ ನೆಟ್ಟಗ ಐತ್ರಿ,’ ಎಂದೆ ತಿರುಗಿ ನಿಂತು. ‘ಇನ್ನ ಅರ್ಧ ತಾಸಿನಾಗ ನಿಮ್ಮ ಹೊಲ ಯಾರು ಉಳತಾರ ಅಂತ ನಿಮ್ಮನ್ನೂ ಕೇಳತಾರ. ಆವಾಗ ನಿಮ್ಮ ನಾಲಿಗಿ ಎಷ್ಟು ನೆಟ್ಟಗ ಇರತದ ನೋಡೂಣು.’

ಕಂಬಳಿಗಳ ಕಡೆಯಿಂದ ದೊಡ್ಡ ನಗೆ ಎದ್ದಿತು. ಜಮೀನುದಾರನ ಮುಖ ಕೆಂಪಾಯಿತು. ಸಾಹೇಬರು ಮೇಜು ಬಡಿದು ‘ಸಾಕು’ ಎಂದರು. ಆಮೇಲೆ ಗುಮಾಸ್ತನಿಗೆ ಬರೆಸಿದರು. ಮಾಲೀಕರ ಮುಖತ್ಯಾರರು ಗೇಣಿ ಒಪ್ಪಿದ್ದಾರೆ, ಅರ್ಜಿದಾರನ ಹೆಸರಿಗೆ ಗದ್ದೆ ಮಂಜೂರು.

ಹೊರಗೆ ಬಂದಾಗ ರೈತ ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡ.

‘ಮೊದಲಿನ ಕಾಗದದಾಗ ಗೆರಿ ಎಳಸಿದಾಕಿ ನಾನು,’ ಎಂದೆ. ‘ಅಕ್ಕಾಸಾಬ ಅಲ್ಲ. ಅವರು ಒಮ್ಮೆನೂ ಮನಸು ಬದಲ ಮಾಡಲಿಲ್ಲ.’

ಹದಿನೈದು ದಿನ ಮೊದಲೇ ಹೇಳಬಹುದಾಗಿದ್ದ ಮಾತು. ಅವನು ತಲೆಯಾಡಿಸಿದ. ‘ಯಾಕ ಎಳಸಿದ್ರಿ, ತಾಯಿ?’

‘ಶಾಣೇತನ.’

‘ಅಸತಯ್,’ ಎಂದ ಮರಾಠಿಯಲ್ಲಿ, ಗಂಭೀರವಾಗಿ. ‘ಹಂಗ ಆಗತದ ಒಮ್ಮೊಮ್ಮೆ.’

ಸಂಜೆಯ ಬಸ್ಸಿಗೆ ಗೂಡ್ಸ್ ಗಾಡಿಯೊಂದು ಅಡ್ಡ ಬಂತು. ಗೇಟು ಹಾಕಿತ್ತು. ಹೊತ್ತು ಇನ್ನೂ ಒಂದು ಮಾರು ಇತ್ತು. ಇಳಿದು ನಡೆಯೋಣವೆಂದು ಮುಂದೆ ಬಂದರೆ, ಹಳಿಯ ಆಚೆ ಬದಿಯಲ್ಲಿ, ಸರಿಯಾಗಿ ಗೇಟಿನ ಕಂಬಕ್ಕೆ ಅಂಟಿ, ಅತ್ತೆ ನಿಂತಿದ್ದಳು. ಅನಗೋಳದಿಂದ ನಡೆದು ಬಂದು ತನ್ನ ಗೆರೆಯ ಅಂಚಿಗೆ ನಿಂತಿದ್ದಳು. ಗಾಡಿಯ ಡಬ್ಬಿಗಳು ನಮ್ಮ ನಡುವೆ ಮುಗಿಯದಷ್ಟು ಹೊತ್ತು ಹಾದವು. ಕೊನೆಯದು ಹೋದ ಮೇಲೆ ನಾನು ಹಳಿ ದಾಟಿದೆ. ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

‘ಬಂದಿವೇನು?’ ಎಂದು ಕೇಳಿದಳು.

‘ಬಂದಿವಿ,’ ಎಂದೆ.

ಮನೆಯವರೆಗೂ ವರದಿ ಒಪ್ಪಿಸಿದೆ. ಏನು ಕೇಳಿದರು, ಏನು ಹೇಳಿದೆ, ಏನು ತಿಂದೆ, ಯಾವ ಭಜಿ ಬಿಟ್ಟೆ, ಯಾವ ಪ್ರಶ್ನೆ ಕೇಳದೆ ನುಂಗಿದೆ. ರೈತನಿಗೆ ಹೇಳಿದ್ದನ್ನೂ ಹೇಳಿದೆ. ಒಂದನ್ನು ಬಿಟ್ಟೆ. ಹೊಸ್ತಿಲ ಹತ್ತಿರ ಅವಳು ‘ಮತ್ತ?’ ಎಂದಳು. ಮುಖತ್ಯಾರರು ಮಾಡಿದ್ದನ್ನೆಲ್ಲ ಮಾಲೀಕರಿಗೆ ಮುಚ್ಚಿಡದೆ ತಿಳಿಸಬೇಕು ಎಂದು ಓದಿದ್ದು ನೆನಪಾಯಿತು. ಓದದಿದ್ದರೂ ಆ ‘ಮತ್ತ’ದ ಮುಂದೆ ನಿಲ್ಲುವುದು ಕಷ್ಟವಿತ್ತು. ಜಮೀನುದಾರನ ವಿಷಯ ಹೇಳಿದೆ, ನನ್ನ ಜವಾಬನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

‘ನಾಕ ಮಂದ್ಯಾಗ ಒಬ್ಬರ ಮಾರಿ ಇಳಸಿದಿವಿ ಅಂದಂಗಾತು,’ ಎಂದಳು. ‘ಹಂಗಾದ್ರ ನಾಳೇನೂ ನನಗ ಉಪವಾಸ.’

‘ನಿನಗ್ಯಾಕ? ಅಂದಾಕಿ ನಾನು!’

‘ಖುದ್ದು ನಾನೇ ಮಾಡಿದಂತೆ ಅಂತ ಸಹಿ ಮಾಡೇನಿ.’

ಅವತ್ತು ಇಡೀ ದಿನ ತಡೆದಿದ್ದ ವಾದವೆಲ್ಲ ಅಲ್ಲಿ, ಹೊಸ್ತಿಲ ಮೇಲೆ, ಹೊರಗೆ ಬಂತು. ಎರಡು ದಿನ ನೀರಿನ ಮೇಲೆ ಇರುವ ವಯಸ್ಸು ಅವಳದಲ್ಲ. ‘ಹಂಗಲ್ಲ ಅತ್ತಿ, ಕೇಳಿಲ್ಲೆ. ಮಾಲೀಕರು ಮಾಡು ಅಂದದ್ದು ಮಾಡಿದ್ರ ಅದು ಮಾಲೀಕರದು. ಮಾಡಬ್ಯಾಡ ಅಂದದ್ದನ್ನ ಮೀರಿ ಮಾಡಿದ್ರ ಅದು ಮಾಲೀಕರಿಗೆ ಅಂಟೂದಿಲ್ಲ. ಅಧಿಕಾರ ಮೀರಿದ್ದಕ್ಕ ಮುಖತ್ಯಾರನ ಜವಾಬ್ದಾರ. ನೀ ವಾದ ಮಾಡಬ್ಯಾಡ ಅಂತ ಮೊದಲ ಹೇಳಿದ್ದಿ. ನಾ ಮೀರಿದೆ. ಆ ಮಾತು ನಂದ, ನಿಂದಲ್ಲ.’

‘ಹಂಗಂತ ಕಾಯ್ದೆದಾಗ ಬರದೈತೇನ?’

‘ಬರದೈತಿ.’

‘ಖರೇನ? ಚಾಚಾಗೊಂದು ನನಗೊಂದು ಹೇಳಿದಂಗಲ್ಲಲಾ?’

‘ಅಲ್ಲ. ಖರೇ ಬರದೈತಿ.’

ಅತ್ತೆಯ ಮುಖ ಸಡಿಲಾಯಿತು. ‘ಛಲೋ ಕಾಯ್ದೆ ಮಾಡ್ಯಾರ. ಹಂಗಾದ್ರ ನಾಳೆ ನೀನ ಉಪವಾಸ ಮಾಡು.’

ಸೋತವರು ಮಾತು ಬೆಳೆಸದೆ ವೇದಿಕೆ ಇಳಿಯಬೇಕು. ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಶಿಸ್ತು ಅದು, ನನಗೆ ಅಭ್ಯಾಸ ಮಾಡುವ ಸಂದರ್ಭ ಕಡಿಮೆ ಬಂದಿತ್ತು.

ಈಗ ನಾನೇ ಕರಿ ಕೋಟು ಹಾಕಿಕೊಂಡು ಅದೇ ಕೋರ್ಟಿನ ಮೆಟ್ಟಿಲು ಹತ್ತುತ್ತೇನೆ. ಚಾಚಾನ ತಗಡಿನ ನೆರಳಿನಲ್ಲಿ ಈಗ ಟೈಪಿಂಗ್ ಮಶೀನು ಕೂತಿದೆ. ಮುಖತ್ಯಾರಪತ್ರ ಮಾಡಿಸಲು ಬಂದವರಿಗೆ ಆ ಸಾಲನ್ನು ನಾನು ಎರಡು ಸಲ ಓದಿ ಹೇಳುತ್ತೇನೆ. ಬಹಳ ಜನ ಕೇಳಿಸಿಕೊಳ್ಳುವುದಿಲ್ಲ. ಸಹಿ ಎಲ್ಲಿ ಎಂದಷ್ಟೇ ಕೇಳುತ್ತಾರೆ. ನೇಮ, ಪ್ರಾಯಶ್ಚಿತ್ತ ಇವುಗಳ ಬಗ್ಗೆ ನನ್ನ ಅನುಮಾನಗಳು ಆಗ ಎಷ್ಟಿದ್ದವೋ ಈಗಲೂ ಅಷ್ಟೇ ಇವೆ. ಆದರೆ ಆ ಸಾಲನ್ನು ಪೂರ್ತಿ ನಂಬಿ ಸಹಿ ಮಾಡಿದವರನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿರುವುದು ಒಬ್ಬರನ್ನೇ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ನನ್ನ ತಲೆ ಸುತ್ತತೊಡಗಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು. ಖಾನಾಪುರದ ರೈತ. ಹೆಗಲ ಮೇಲೆ ಬಿಳಿ ಬಟ್ಟೆಯ ಗಂಟು. ಹೊಸ ಭತ್ತ ಕುಟ್ಟಿಸಿದ ಅವಲಕ್ಕಿ, ಇನ್ನೂ ಬೆಚ್ಚಗಿನ ವಾಸನೆ.

‘ಇದು ಗೇಣಿ ಅಲ್ರಿ, ಅಕ್ಕಾಸಾಬ,’ ಎಂದ ಮೊದಲೇ. ‘ಹಂಗ ತಂದೀನಿ.’

‘ಗೇಣಿ ತರೂ ಹಂಗ ಎಲ್ಲೈತಿ ಇನ್ನ? ಒಳಗ ಬರ್ರಿ, ಕುಂದರ್ರಿ,’ ಎಂದಳು ಅತ್ತೆ. ಅವನು ಒಂದು ಗಳಿಗೆ ತಡೆದು, ಹೊಸ್ತಿಲು ದಾಟಿ ಬಂದು, ಚಾಪೆಯ ಅಂಚಿನಲ್ಲಿ ಕುಳಿತ. ಅತ್ತೆ ಅವಲಕ್ಕಿಗೆ ಬೆಲ್ಲ, ಕೊಬ್ಬರಿ ಹಾಕಿ ಕಲಸಿ ಎರಡು ತಟ್ಟೆಯಲ್ಲಿ ತಂದಳು. ಒಂದು ಅವನಿಗೆ, ಒಂದು ತನಗೆ. ಹಿಂದಿನ ದಿನದ ಉಪವಾಸದ ಪಾರಣೆ ಅವಳದು.

ಅವನು ನನ್ನ ಬರಿಗೈ ನೋಡಿದ. ‘ತಾಯಿಗೆ ಇಲ್ಲೇನ್ರಿ?’

‘ಆಕಿಂದು ಇವತ್ತು ಉಪವಾಸ.’

‘ಇಷ್ಟು ಸಣ್ಣ ವಯಸ್ಸಿನಾಗ? ಭಾರಿ ಭಕ್ತಿ,’ ಎಂದು ಅವನು ನಿಜವಾಗಿಯೇ ಕೈ ಮುಗಿದ. ಅತ್ತೆ ತಟ್ಟೆಯ ಮೇಲೆ ತಲೆ ಬಗ್ಗಿಸಿ ತಿನ್ನತೊಡಗಿದಳು. ಅವಳ ಭುಜ ಅಲುಗುತ್ತಿತ್ತು. ನಾನು ಏನನ್ನೂ ವಾದಿಸಲಿಲ್ಲ.